ವಾರಸುದಾರರಿಲ್ಲದ ಚೀಲ: ಸ್ಫೋಟದ ನಂತರ ಒಂದು ದರ್ಶಿನಿಯ ಆರು ತಿಂಗಳು

2024ರ ಮಾರ್ಚ್ 1, ಶುಕ್ರವಾರ, ಮಧ್ಯಾಹ್ನ 1 ಗಂಟೆಯ ಆಸುಪಾಸು ಬೆಂಗಳೂರಿನ ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಸ್ಫೋಟವಾಯಿತು. ಮೊದಮೊದಲು ಎಲ್ಲರ ಬಾಯಲ್ಲೂ ಸಿಲಿಂಡರ್ ಸಿಡಿದಿದೆ ಎಂಬ ಮಾತೇ ಇತ್ತು. ಸಂಜೆಯೊಳಗೆ ಅದು ಐಇಡಿ (ಕೈಯಾರೆ ಜೋಡಿಸಿದ ಬಾಂಬು) ಎಂದು ಮುಖ್ಯಮಂತ್ರಿಗಳೇ ಹೇಳಿದರು. ಟೋಪಿ, ಮಾಸ್ಕ್ ಹಾಕಿಕೊಂಡು ಬಂದವನೊಬ್ಬ ರವೆ ಇಡ್ಲಿಗೆ ಟೋಕನ್ ಪಡೆದು, ಕೈ ತೊಳೆಯುವ ಜಾಗದ ಬಳಿ ಚೀಲ ಬಿಟ್ಟು ಹೋದದ್ದು ಕ್ಯಾಮೆರಾದಲ್ಲಿ ದಾಖಲಾಗಿತ್ತು. ಹತ್ತರಷ್ಟು ಮಂದಿ ಗಾಯಗೊಂಡರು, ಪುಣ್ಯಕ್ಕೆ ಯಾರೂ ಸಾಯಲಿಲ್ಲ. ತನಿಖೆ ಎನ್‌ಐಎಗೆ ಹೋಯಿತು. ಏಪ್ರಿಲ್ 12ರಂದು ಪ್ರಮುಖ ಆರೋಪಿಗಳಿಬ್ಬರು ಪಶ್ಚಿಮ ಬಂಗಾಳದಲ್ಲಿ ಸೆರೆಸಿಕ್ಕರು.

ಈ ಅಧ್ಯಯನ ಆ ಕೆಫೆಯದ್ದಲ್ಲ. ಅಲ್ಲಿಂದ ನಾಲ್ಕೈದು ಕಿಲೋಮೀಟರ್ ದೂರದ, ಒಂದು ಲೋಟವೂ ಒಡೆಯದ ಇನ್ನೊಂದು ದರ್ಶಿನಿಯದ್ದು. ಬಾಂಬು ಸಿಡಿದ ಜಾಗಕ್ಕೆ ಪೊಲೀಸರು, ಮಂತ್ರಿಗಳು, ಕ್ಯಾಮೆರಾಗಳೆಲ್ಲ ಹೋಗುತ್ತವೆ. ಸಿಡಿಯದ ಜಾಗಗಳಲ್ಲಿ ಏನು ಮುರಿಯಿತು ಎಂದು ಯಾರೂ ಬರೆದಿಡುವುದಿಲ್ಲ. ವ್ಯಕ್ತಿಗಳ, ಓಣಿಯ, ಊರುಗಳ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದೆ. ತೀರ್ಮಾನಗಳು ನಡೆದ ಕ್ರಮವನ್ನು ಬದಲಿಸಿಲ್ಲ.

ಹಿನ್ನೆಲೆ

ಮೂರು ರಸ್ತೆ ಸೇರುವ ಮೂಲೆಯಲ್ಲಿ ನಿಂತು ತಿನ್ನುವ ಹೋಟೆಲ್. ಬೆಳಿಗ್ಗೆ 6.30ಕ್ಕೆ ಬಾಗಿಲು ತೆರೆದರೆ ರಾತ್ರಿ 10ರವರೆಗೆ. ದಿನಕ್ಕೆ 850ರಿಂದ 900 ಟೋಕನ್, ಅದರಲ್ಲಿ ಮೂರನೇ ಒಂದು ಭಾಗ ಮಧ್ಯಾಹ್ನ 12.30ರಿಂದ 2ರೊಳಗೆ. ಸುತ್ತಮುತ್ತ ಐಟಿ ಕಚೇರಿಗಳು, ಪಿಜಿಗಳು. ಮಾಲೀಕರು ಕುಂದಾಪುರದ ಕಡೆಯವರು, ಐವತ್ತು ದಾಟಿದವರು. ಕೆಲಸಕ್ಕೆ 14 ಮಂದಿ: ದೋಸೆ ಭಟ್ಟರು ಮಾಲೀಕರ ಊರಿನವರೇ, ಟೇಬಲ್ ಒರೆಸುವ ಇಬ್ಬರು ಹುಡುಗರು ಅಸ್ಸಾಮಿನವರು, ಪಾತ್ರೆ ತೊಳೆಯುವವರು ಒಡಿಶಾದವರು. ಕಾಫಿ-ಟೀ ಕೌಂಟರಿನಲ್ಲಿ ಬೀದರ್ ಕಡೆಯ ಒಬ್ಬ ಮುಸ್ಲಿಂ ಯುವಕ, ವಯಸ್ಸು 26, ನಾಲ್ಕು ವರ್ಷದಿಂದ ಅಲ್ಲೇ. ಬೆಳಗಿನ ಎರಡು ಗಂಟೆಯಲ್ಲಿ 250ಕ್ಕೂ ಹೆಚ್ಚು ಲೋಟ ಇಳಿಸುವ ಕೈ. ಯಾರಿಗೆ ಸಕ್ಕರೆ ಕಮ್ಮಿ, ಯಾರಿಗೆ ಡಿಕಾಕ್ಷನ್ ಜಾಸ್ತಿ ಎಂಬುದೆಲ್ಲ ಅವನ ತಲೆಯಲ್ಲಿತ್ತು. ಎಲ್ಲರ ವಾಸ ಹಿಂದಿನ ಓಣಿಯ ಎರಡು ಬಾಡಿಗೆ ಕೋಣೆಗಳಲ್ಲಿ.

ಬೆಂಗಳೂರಿಗೆ ಇದು ಮೊದಲ ಪೆಟ್ಟಲ್ಲ. 2005ರ ಡಿಸೆಂಬರ್ 28ರಂದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಗುಂಡಿನ ದಾಳಿ, 2008ರ ಜುಲೈ 25ರಂದು ಸರಣಿ ಸ್ಫೋಟ, 2010ರ ಏಪ್ರಿಲ್ 17ರಂದು ಚಿನ್ನಸ್ವಾಮಿ ಕ್ರೀಡಾಂಗಣ, 2013ರ ಏಪ್ರಿಲ್ 17ರಂದು ಮಲ್ಲೇಶ್ವರ, 2014ರ ಡಿಸೆಂಬರ್ 28ರಂದು ಚರ್ಚ್ ಸ್ಟ್ರೀಟ್. (ಎರಡೆರಡು ತಾರೀಖು ಹೊಂದಿಕೊಂಡಿದ್ದು ಕಾಕತಾಳೀಯ. ಆದರೆ ಫಾರ್ವರ್ಡ್ ಬರೆಯುವವರಿಗೆ ಅಷ್ಟು ಸಾಕು, ಪಂಚಾಂಗವನ್ನೇ ಕಟ್ಟಿಬಿಡುತ್ತಾರೆ.) ಪ್ರತಿ ಸಲವೂ ಎರಡು-ಮೂರು ವಾರ ಮಾಲ್‌ಗಳ ಬಾಗಿಲಲ್ಲಿ ಚೀಲಕ್ಕೆ ಕೋಲು ಹಾಕಿ ತಿರುವುವುದು, ಆಮೇಲೆ ಆ ಕೋಲು ಗಾರ್ಡ್‌ನ ಕುರ್ಚಿಯ ಮೇಲೆ ಮಲಗುವುದು ನಡೆದುಕೊಂಡು ಬಂದ ರೂಢಿ. 2014ರ ನಂತರ ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಇಂಥದ್ದು ನಡೆದಿರಲಿಲ್ಲವಾದ್ದರಿಂದ ಈ ಹೋಟೆಲಿನ ಹುಡುಗರಲ್ಲಿ ಯಾರಿಗೂ ಅದರ ನೆನಪೇ ಇರಲಿಲ್ಲ. ಇದ್ದ ನೆನಪು ಬೇರೆ. 2023ರ ಡಿಸೆಂಬರ್ 1ರಂದು 40ಕ್ಕೂ ಹೆಚ್ಚು ಶಾಲೆಗಳಿಗೆ ಹುಸಿ ಬಾಂಬ್ ಇಮೇಲ್ ಬಂದು ಅಪ್ಪ-ಅಮ್ಮಂದಿರು ಟ್ರಾಫಿಕ್ಕಿನಲ್ಲಿ ಓಡಿದ್ದು. ಮೂರೇ ತಿಂಗಳ ಹಿಂದಿನ ಆ ಗಾಬರಿ ಇನ್ನೂ ಆರಿರಲಿಲ್ಲ.

ಏನು ಕೆಟ್ಟಿತು

ಮಾರ್ಚ್ 4ರ ಸೋಮವಾರ ಟೋಕನ್ 510ಕ್ಕೆ ಇಳಿಯಿತು. ಇಡೀ ಇಳಿಕೆಯನ್ನು ಸ್ಫೋಟದ ಲೆಕ್ಕಕ್ಕೆ ಬರೆಯುವುದು ತಪ್ಪು. ಆ ಬೇಸಿಗೆಯಲ್ಲಿ ಪೂರ್ವ ಬೆಂಗಳೂರಿಗೆ ನೀರಿನ ಬರ ಬಡಿದಿತ್ತು, ಪಿಜಿಗಳಿಂದ ಎಷ್ಟೋ ಮಂದಿ ಊರಿಗೆ ಹೋಗಿ ಮನೆಯಿಂದಲೇ ಕೆಲಸ ಮಾಡುತ್ತಿದ್ದರು, ಪರೀಕ್ಷೆಗಳ ಕಾಲ ಬೇರೆ. ಬಿಲ್ಲಿಂಗ್ ಯಂತ್ರದ ಗಂಟೆವಾರು ಲೆಕ್ಕ ತೆಗೆದು ನೋಡಿದಾಗ ಮಾತ್ರ ಭಯದ ಪಾಲು ಬಿಡಿಸಿ ಕಂಡಿತು. ಬೆಳಗಿನ ತಿಂಡಿ ಐದನೇ ಒಂದು ಭಾಗ ಇಳಿದಿತ್ತು, ಮಧ್ಯಾಹ್ನದ ಊಟ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು, ಪಾರ್ಸೆಲ್ ಎರಡರಷ್ಟಾಗಿತ್ತು. ನೀರಿನ ಬರ ಒಂದೇ ಕಾರಣವಾಗಿದ್ದರೆ ಬೆಳಿಗ್ಗೆ, ಮಧ್ಯಾಹ್ನ ಒಂದೇ ಸಮ ಇಳಿಯಬೇಕಿತ್ತು. ತಿಂಡಿಗೆ ಜನ ಒಬ್ಬೊಬ್ಬರೇ ಬರುತ್ತಾರೆ, ಊಟಕ್ಕೆ ಆರೇಳು ಜನರ ಗುಂಪು ಬರುತ್ತದೆ. ಗುಂಪಿನಲ್ಲಿ ಒಬ್ಬರು "ಬೇಡಪ್ಪ, ಇವತ್ತು ಕ್ಯಾಂಟೀನಲ್ಲೇ ತಿನ್ನೋಣ" ಅಂದರೆ ಆರೂ ಜನ ಬರುವುದಿಲ್ಲ. ಹೆದರಿದವರು ಎಷ್ಟೋ, ಗಿರಾಕಿ ಇಳಿದದ್ದು ಅದರ ಆರು ಪಟ್ಟು.

ಒಳಗಿನ ಸ್ಥಿತಿ ಇನ್ನೂ ಬಿಗಡಾಯಿಸಿತ್ತು. ತಟ್ಟೆಗಳ ಅಟ್ಟಿ ಜಾರಿ ಬಿದ್ದರೆ ಅಡುಗೆಮನೆ ಪೂರ್ತಿ ಸ್ತಬ್ಧ. ಟೇಬಲ್ ಒರೆಸುವ 19ರ ಹುಡುಗನೊಬ್ಬ ಕೈ ತೊಳೆಯುವ ಜಾಗದ ಕಡೆ ಹೋಗುವುದನ್ನೇ ಬಿಟ್ಟ, ರಾತ್ರಿ ನಿದ್ದೆಯಿಲ್ಲ. ಅಸ್ಸಾಮಿನ ಇಬ್ಬರ ಮನೆಯಿಂದಲೂ ದಿನಕ್ಕೆ ನಾಲ್ಕು ಸಲ ಫೋನ್: ಹೊರಟು ಬಾ.

ಒಂದು ರಾತ್ರಿಯ ನಾಲ್ಕು ತೀರ್ಮಾನ

ಮಾರ್ಚ್ 2ರ ರಾತ್ರಿ ಗಲ್ಲಾ ಎಣಿಸಿದ ಮೇಲೆ ಮಾಲೀಕರು ನಾಲ್ಕು ತೀರ್ಮಾನ ಮಾಡಿದರು. ಬಾಗಿಲಲ್ಲಿ ಗಾರ್ಡ್ ನಿಲ್ಲಿಸಿ ಎಲ್ಲರ ಚೀಲ ತಪಾಸಣೆ. ಗೋಡೆಯ ಟಿವಿಯಲ್ಲಿ ದಿನವಿಡೀ ಸುದ್ದಿ. ಕ್ಯಾಮೆರಾ ಇವೆಯಲ್ಲ, ಅದರ ಚಿಂತೆ ಬೇಡ. ಟೀ ಕೌಂಟರಿನ ಹುಡುಗನನ್ನು ಕೆಲವು ದಿನ ಊರಿಗೆ ಕಳಿಸುವುದು. ನಾಲ್ಕನ್ನೂ ಒಳ್ಳೆಯ ಮನಸ್ಸಿನಿಂದಲೇ ಮಾಡಿದರು, ನಾಲ್ಕೂ ತಿರುಗಿ ಹೊಡೆದವು.

ತಪಾಸಣೆಯಿಂದ ಶುರು ಮಾಡೋಣ. ಕೈಯಲ್ಲಿ ಹಿಡಿಯುವ ಮೆಟಲ್ ಡಿಟೆಕ್ಟರ್ ಎರಡು-ಮೂರು ಸಾವಿರ ರೂಪಾಯಿಗೆ ಸಿಗುತ್ತದೆ. ಅದು ಲೋಹವನ್ನು ಹಿಡಿಯುತ್ತದೆ, ಸ್ಫೋಟಕವನ್ನಲ್ಲ. ಐಟಿ ಉದ್ಯೋಗಿಯ ಬೆನ್ನುಚೀಲದಲ್ಲಿ ಲ್ಯಾಪ್‌ಟಾಪ್, ಚಾರ್ಜರ್, ಸ್ಟೀಲ್ ಡಬ್ಬಿ, ಕೊಡೆ, ಬೀಗದ ಕೈ ಎಲ್ಲ ಇರುತ್ತವೆ. ಹಾಗಾಗಿ ಅದು ಪ್ರತಿ ಚೀಲಕ್ಕೂ ಕೂಗಿತು. ಮೂರನೆಯ ದಿನಕ್ಕೆ ಗಾರ್ಡ್ ಕೂಗು ಕೇಳಿದ ತಕ್ಷಣ "ಹೋಗಿ ಸಾರ್" ಅನ್ನತೊಡಗಿದ. ಇದಕ್ಕಿಂತ ದೊಡ್ಡ ತೊಡಕು ಸಮಯದ್ದು. ಮಾಮೂಲಿ ದಿನ ಊಟದ ಹೊತ್ತಿಗೆ 300 ಜನ ಬರುತ್ತಾರೆ. ಒಬ್ಬರಿಗೆ 20 ಸೆಕೆಂಡ್ ಹಿಡಿದರೂ 6,000 ಸೆಕೆಂಡ್, ಅಂದರೆ 100 ನಿಮಿಷ. ಇರುವುದು 90 ನಿಮಿಷ. ಅದೂ ಜನ ಸಮನಾಗಿ ಬರುವುದಿಲ್ಲ, ಅರ್ಧಕ್ಕರ್ಧ ಮಂದಿ 12.50ರಿಂದ 1.20ರೊಳಗೆ ಬಂದು ಬೀಳುತ್ತಾರೆ. ಗಿರಾಕಿ ಅರ್ಧವಾಗಿದ್ದ ಆ ವಾರದಲ್ಲೂ ಫುಟ್‌ಪಾತಿನ ಮೇಲೆ 30 ಜನರ ಸಾಲು ನಿಂತಿತು. ಒಳಗೆ ಜನ ಟೇಬಲ್‌ಗೆ ಮೂವರಂತೆ ಚದುರಿ ನಿಲ್ಲುತ್ತಾರೆ, ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತರು. ಯಾರಿಗಾದರೂ ಕೇಡು ಮಾಡುವ ಮನಸ್ಸಿದ್ದರೆ ಗುರಿಯನ್ನು ತಪಾಸಣೆಯೇ ಜೋಡಿಸಿ ಕೊಟ್ಟಂತಾಗಿತ್ತು. ದೊಡ್ಡ ಅಂಗಳ, ನಾಲ್ಕಾರು ಗಾರ್ಡ್‌ಗಳು ಇರುವ ಕಡೆ ತಪಾಸಣೆ ನಡೆದೀತು, ಫುಟ್‌ಪಾತಿಗೆ ಅಂಟಿಕೊಂಡ ದರ್ಶಿನಿಯಲ್ಲಿ ನಡೆಯುವುದಿಲ್ಲ.

ಟಿವಿಯಲ್ಲಿ ಸ್ಫೋಟದ ಆ ಕೆಲವು ಸೆಕೆಂಡ್‌ಗಳ ದೃಶ್ಯ ಮತ್ತೆ ಮತ್ತೆ ಬರುತ್ತಿತ್ತು, ಅದೂ ಸಾಂಬಾರ್ ಬಕೆಟ್ಟಿನ ನೆತ್ತಿಯ ಮೇಲೆ. 2013ರ ಬಾಸ್ಟನ್ ಮ್ಯಾರಥಾನ್ ಸ್ಫೋಟದ ನಂತರ ಅಮೆರಿಕದ ಸಂಶೋಧಕರು ಕಂಡುಕೊಂಡ ಸಂಗತಿಯನ್ನು ಇಲ್ಲಿ ಹೇಳಬೇಕು. ಸ್ಫೋಟದ ಜಾಗದಲ್ಲೋ ಹತ್ತಿರದಲ್ಲೋ ಇದ್ದವರಿಗಿಂತ, ನಂತರದ ವಾರದಲ್ಲಿ ದಿನಕ್ಕೆ ಆರು ಗಂಟೆ ಅಥವಾ ಹೆಚ್ಚು ಹೊತ್ತು ಅದರ ಸುದ್ದಿಯಲ್ಲೇ ಮುಳುಗಿದ್ದವರಲ್ಲಿ ತೀವ್ರ ಒತ್ತಡದ ಲಕ್ಷಣಗಳು ಹೆಚ್ಚಾಗಿದ್ದವು. ಹೋಟೆಲಿನ ಹುಡುಗರು ದಿನಕ್ಕೆ ಹನ್ನೆರಡು ಗಂಟೆ ಆ ಟಿವಿಯ ಕೆಳಗೆ ನಿಲ್ಲುತ್ತಿದ್ದರು.

ಕ್ಯಾಮೆರಾಗಳ ಕಥೆ ಪೊಲೀಸರು ಬಂದಾಗ ಬಯಲಾಯಿತು. ಶಂಕಿತ ಬಿಎಂಟಿಸಿ ಬಸ್ಸಿನಲ್ಲಿ ಓಡಾಡಿದ್ದರಿಂದ ತನಿಖಾಧಿಕಾರಿಗಳು ರಸ್ತೆ ರಸ್ತೆಯ ಅಂಗಡಿಗಳ ದೃಶ್ಯ ಸಂಗ್ರಹಿಸುತ್ತಿದ್ದರು. ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ, 2017ರ ಪ್ರಕಾರ ಒಂದೇ ಹೊತ್ತಿಗೆ 100 ಅಥವಾ ದಿನಕ್ಕೆ 500 ಜನ ಸೇರುವ ಜಾಗದಲ್ಲಿ ಕ್ಯಾಮೆರಾ ಇರಬೇಕು, 30 ದಿನದ ದೃಶ್ಯ ಉಳಿಸಬೇಕು. ಇಲ್ಲಿ ಎಂಟು ಕ್ಯಾಮೆರಾ ಇದ್ದವು, ಹಾರ್ಡ್ ಡಿಸ್ಕ್ ಮಾತ್ರ 1 ಟಿಬಿ. ಸೆಕೆಂಡಿಗೆ 2 ಮೆಗಾಬಿಟ್ ಲೆಕ್ಕದಲ್ಲಿ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 21 ಜಿಬಿ ತಿನ್ನುತ್ತದೆ, ಎಂಟಕ್ಕೆ 170 ಜಿಬಿ ದಾಟುತ್ತದೆ. ಆರನೆಯ ದಿನಕ್ಕೆ ಹಳೆಯದು ತಾನಾಗಿ ಅಳಿಸಿಹೋಗುತ್ತಿತ್ತು. ಜೊತೆಗೆ ದೃಶ್ಯ ದಾಖಲಿಸುವ ಯಂತ್ರದ (ಡಿವಿಆರ್) ಗಡಿಯಾರ 17 ನಿಮಿಷ ಹಿಂದಿತ್ತು. ಒಳಗಿನ ನಾಣ್ಯದಾಕಾರದ ಬ್ಯಾಟರಿ ಸತ್ತಿದ್ದರಿಂದ ಕರೆಂಟು ಹೋಗಿ ಬಂದಾಗಲೆಲ್ಲ ಸಮಯ ತಪ್ಪುತ್ತಿತ್ತು, ಯಾರೋ ಕೈಯಲ್ಲಿ ಅಂದಾಜಿಗೆ ಸರಿಮಾಡುತ್ತಿದ್ದರು. ಬಸ್ಸು, ಮೊಬೈಲ್ ಟವರ್, ಇನ್ನೊಂದು ಅಂಗಡಿಯ ಕ್ಯಾಮೆರಾ ಇವುಗಳೊಂದಿಗೆ ಹೊಂದಿಸಿ ನೋಡುವ ತನಿಖೆಯಲ್ಲಿ 17 ನಿಮಿಷ ಅಂದರೆ ಒಬ್ಬ ಮನುಷ್ಯನೇ ಕಳೆದುಹೋದಂತೆ. ಪ್ರತಿ ಕ್ಯಾಮೆರಾ ಕೆಲಸ ಮಾಡುತ್ತಿತ್ತು, ಪರದೆಯಲ್ಲಿ ಚಿತ್ರವೂ ಸ್ಪಷ್ಟವಿತ್ತು. ಆದ್ದರಿಂದಲೇ ಯಾರಿಗೂ ಅನುಮಾನ ಬಂದಿರಲಿಲ್ಲ.

"ಸ್ವಲ್ಪ ದಿನ ಊರಿಗೆ ಹೋಗಿ ಬಾ"

ನಾಲ್ಕನೆಯ ತೀರ್ಮಾನದ ಬೆಲೆಯೇ ಎಲ್ಲಕ್ಕಿಂತ ದುಬಾರಿಯಾಯಿತು. ಭಾನುವಾರ ಬೆಳಿಗ್ಗೆ ಮಾಲೀಕರು ಟೀ ಹುಡುಗನನ್ನು ಪಕ್ಕಕ್ಕೆ ಕರೆದು, "ಸ್ವಲ್ಪ ದಿನ ಊರಿಗೆ ಹೋಗಿ ಬಾ ಮಾರಾಯ. ಇಲ್ಲಿ ವಾತಾವರಣ ಸರಿ ಇಲ್ಲ. ಸಂಬಳ ಹಿಡಿಯುವುದಿಲ್ಲ" ಅಂದರು.

"ನಾ ಏನ್ ಮಾಡೀನ್ರಿ ಸಾವ್ಕಾರ್ರ?"

"ನೀನೇನೂ ಮಾಡಲಿಲ್ಲ. ಅದಕ್ಕೇ ಹೇಳುವುದು."

ಯಾರಾದರೂ ಗಿರಾಕಿ ಮಾತಾಡಿಯಾರು, ಜಗಳವಾದೀತು, ಹುಡುಗನಿಗೇ ತೊಂದರೆಯಾದೀತು ಎಂಬುದು ಅವರ ಲೆಕ್ಕ. ಮುನ್ನೆಚ್ಚರಿಕೆ ಅಂದರೆ ಮುನ್ನೆಚ್ಚರಿಕೆಯೇ. ಆದರೆ ಅದುವರೆಗೆ ಯಾವ ಗಿರಾಕಿಯೂ ಏನೂ ಅಂದಿರಲಿಲ್ಲ ಎಂಬುದನ್ನು ಗಮನಿಸಬೇಕು. ಬಾಯಿಬಿಟ್ಟು ಯಾರೂ ಆಡದ ಅನುಮಾನಕ್ಕೆ ಮಾಲೀಕರೇ ಮೊದಲ ಸಾಕ್ಷಿ ಒದಗಿಸಿದರು. ಸೋಮವಾರ ಕೌಂಟರ್ ಖಾಲಿ. ಮಾಮೂಲಿ ಗಿರಾಕಿಗಳು "ಅವನೆಲ್ಲಿ?" ಅಂತ ಕೇಳಿದರು. ಬಿಲ್ಲಿಗೆ ಕೂತ ಹುಡುಗ "ಊರಿಗೆ ಹೋದ" ಅಂದ. ಬುಧವಾರದ ಹೊತ್ತಿಗೆ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಅದು "ಸ್ಫೋಟವಾದ ಎರಡನೇ ದಿನವೇ ಕಾಣೆಯಾಗಿದ್ದಾನೆ" ಎಂದಾಗಿತ್ತು. ಗುರುವಾರ ಕೋಣೆಯ ಮಾಲೀಕರು ಬಂದು ಅವನ ಟ್ರಂಕನ್ನು ಹೊರಗಿಡಲು ಹೇಳಿದರು. ಶುಕ್ರವಾರ, ಶಿವರಾತ್ರಿಯ ದಿನ, ಬೀಟ್ ಪೊಲೀಸರು ವಿಚಾರಿಸಲು ಬಂದರು.

ಪೊಲೀಸರ ವಿಚಾರಣೆ ಐದು ನಿಮಿಷದಲ್ಲಿ ಮುಗಿಯಬಹುದಿತ್ತು. ಮುಗಿಯಲಿಲ್ಲ, ಏಕೆಂದರೆ ಹೋಟೆಲಿನಲ್ಲಿ ಅವನದ್ದು ಮಾತ್ರವಲ್ಲ, 14ರಲ್ಲಿ 11 ಜನರ ಆಧಾರ್ ಪ್ರತಿಯಾಗಲಿ ಊರಿನ ವಿಳಾಸವಾಗಲಿ ಇರಲಿಲ್ಲ. ದೋಸೆ ಭಟ್ಟರ ದಾಖಲೆಯೂ ಇರಲಿಲ್ಲ. ಅವರದ್ದನ್ನು ಯಾರೂ ಕೇಳಲಿಲ್ಲ. ಹುಡುಗನೇ ಬೀದರಿನಿಂದ ಫೋನಿನಲ್ಲಿ ಮಾತಾಡಿ, ಆಧಾರ್ ಫೋಟೊ ಕಳಿಸಿ, ತಾನಿರುವ ಊರಿನ ಠಾಣೆಯ ಹೆಸರು ಹೇಳಿದ. ಪೊಲೀಸರಿಗೆ ಅಷ್ಟು ಸಾಕಾಯಿತು, ಓಣಿಗೆ ಸಾಕಾಗಲಿಲ್ಲ.

ರಂಜಾನ್ ಮುಗಿಸಿ ಏಪ್ರಿಲ್ 11ರ ಹಬ್ಬದ ನಂತರ ಅವನು ಬೆಂಗಳೂರಿಗೆ ಬಂದಾಗ ಕೋಣೆ ಇರಲಿಲ್ಲ. ಬೇರೆ ಕೋಣೆ ಹುಡುಕಲು ಮಾಲೀಕರು ಎರಡು ಮನೆ ಕೇಳಿದರು. ಎರಡೂ ಕಡೆ ಹೆಸರು ಕೇಳುವವರೆಗೆ ಖಾಲಿಯಿದ್ದ ಕೋಣೆ ಆಮೇಲೆ "ಮಗಳ ಮನೆಯವರು ಬರ್ತಾರೆ" ಆಯಿತು. ಅವನು ನಗರದ ಪಶ್ಚಿಮದ ಕಡೆ ಸಂಬಂಧಿಕರ ಬೇಕರಿಗೆ ಸೇರಿಕೊಂಡ.

ಅದೇ ವಾರ, ಇನ್ನೊಂದು ದಾರಿ

ಅಸ್ಸಾಮಿನ ಹುಡುಗರ ವಿಷಯದಲ್ಲಿ ನಡೆದದ್ದು ಇದಕ್ಕೆ ಉಲ್ಟಾ. ಆ ತೀರ್ಮಾನ ಮಾಡಿದ್ದು ಮಾಲೀಕರಲ್ಲ, ಅವರ ಹೆಂಡತಿ. ಹುಡುಗರು ಅವರನ್ನು ಅಕ್ಕ ಅನ್ನುತ್ತಾರೆ. 2012ರ ಆಗಸ್ಟ್ ಅವರಿಗೆ ನೆನಪಿತ್ತು. ಅಸ್ಸಾಮಿನ ಕೊಕ್ರಝಾರ್ ಹಿಂಸಾಚಾರದ ಬೆನ್ನಿಗೆ ಹಬ್ಬಿದ ಎಸ್‌ಎಂಎಸ್ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಸಿಟಿ ರೈಲು ನಿಲ್ದಾಣಕ್ಕೆ ನುಗ್ಗಿದ್ದರು, ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕೇಂದ್ರ ಸರ್ಕಾರ ಕೆಲವು ದಿನ ಒಬ್ಬರಿಗೆ ದಿನಕ್ಕೆ ಐದೇ ಎಸ್‌ಎಂಎಸ್ ಎಂದು ಮಿತಿ ಹಾಕಿತು. ಏನೂ ಆಗುವುದಿಲ್ಲ ಎಂದು ಆಗ ಮಂತ್ರಿಗಳು, ಪೊಲೀಸರು ಹೇಳಿದರೂ ಜನ ಹೊರಟೇಬಿಟ್ಟರು. ಬೆಂಗಳೂರಿನ ಎಷ್ಟೋ ಹೋಟೆಲು, ಬ್ಯೂಟಿ ಪಾರ್ಲರು, ಸೆಕ್ಯುರಿಟಿ ಏಜೆನ್ಸಿಗಳಿಗೆ ಒಂದೇ ರಾತ್ರಿಯಲ್ಲಿ ಕೈ ಮುರಿದಂತಾಗಿತ್ತು. ಇವರ ಆಗಿನ ಸಪ್ಲೈಯರ್ ಒಬ್ಬನೂ ಅಂದು ಹೋದವನು ಬರಲೇ ಇಲ್ಲ.

ಈ ಸಲ ಅವರು ಭರವಸೆಯ ಮಾತು ಆಡಲಿಲ್ಲ. ಎರಡು ಕೆಲಸ ಮಾಡಿದರು. ಹುಡುಗರ ತಾಯಂದಿರಿಗೆ ವಿಡಿಯೊ ಕರೆ ಮಾಡಿಸಿ, ಕೋಣೆ, ಹಾಸಿಗೆ, ಬಾಗಿಲಿನ ಚಿಲಕ ತೋರಿಸಿ, ತಮ್ಮ ನಂಬರ್ ಕೊಟ್ಟರು. ಇಬ್ಬರ ಕೈಗೂ ಊರಿಗೆ ಹೋಗುವ ರೈಲು ಖರ್ಚಿನ ದುಡ್ಡು ಕೊಟ್ಟು, "ಇದು ನಿಮ್ಮ ಹತ್ರನೇ ಇರ್ಲಿ. ಯಾವತ್ತು ಹೋಗ್ಬೇಕು ಅನ್ಸುತ್ತೋ ಅವತ್ತು ಹೋಗಿ, ನನ್ನ ಕೇಳೋದು ಬೇಡ" ಅಂದರು. ಇವತ್ತೇ ಹೋಗದಿದ್ದರೆ ನಾಳೆ ಹೋಗಲಾಗದು ಎಂಬ ಹೆದರಿಕೆಯೇ ಜನರನ್ನು ಮೊದಲ ರೈಲಿಗೆ ಹತ್ತಿಸುತ್ತದೆ. ದಾರಿಖರ್ಚು ಜೇಬಿನಲ್ಲಿದ್ದರೆ ಆ ಅವಸರ ಇಳಿಯುತ್ತದೆ. ಇಬ್ಬರೂ ಉಳಿದರು. ಒಬ್ಬ ಬೋಹಾಗ್ ಬಿಹುಗೆ ಹೋಗಿ ಹದಿನೈದು ದಿನಕ್ಕೆ ವಾಪಸು ಬಂದ. ಒಂದೇ ಮನೆ, ಒಂದೇ ವಾರ: ಒಬ್ಬನಿಗೆ ಹೋಗು ಅಂದರು, ಇಬ್ಬರಿಗೆ ಹೋಗುವ ಸ್ವಾತಂತ್ರ್ಯ ಕೊಟ್ಟರು.

ಎರಡು ಚೀಲ

ಮಾರ್ಚ್ 13ರಂದು ಮಧ್ಯಾಹ್ನ ಸಿಂಕಿನ ಕೆಳಗೆ ಕಪ್ಪು ಬೆನ್ನುಚೀಲ ಕಂಡಿತು. ಟೇಬಲ್ ಹುಡುಗ ಅದನ್ನು ಎತ್ತಿ ಗಲ್ಲಾದ ಮೇಲೆ ತಂದಿಟ್ಟ. ವರ್ಷಗಳಿಂದ ಬಿಟ್ಟುಹೋದ ಕೊಡೆ, ಡಬ್ಬಿಗಳನ್ನೆಲ್ಲ ಹಾಗೇ ತಂದಿಡುತ್ತಿದ್ದರು. ಮಾಲೀಕರು ಕಿರುಚಿದರು, ಯಾರೋ "ಬಾಂಬ್" ಅಂದರು, ಬಾಗಿಲಲ್ಲಿ ನೂಕುನುಗ್ಗಲಾಗಿ ಒಬ್ಬ ಹಿರಿಯರ ಮೊಣಕೈ ತರಚಿತು. ಒಲೆಗಳು ಉರಿಯುತ್ತಲೇ ಇದ್ದವು. ಜನ ಓಡಿ ನಿಂತದ್ದು ಎದುರಿನ ಕಟ್ಟಡದ ಗಾಜಿನ ಗೋಡೆಯ ಕೆಳಗೆ. ಚೀಲದವರು ಪಕ್ಕದ ಎಟಿಎಂನಿಂದ ಓಡಿಬಂದರು.

ತಿರುವು ಬಂದದ್ದು ಅಂದು. ಅಗ್ನಿಶಾಮಕ ದಳದಿಂದ ನಿವೃತ್ತರಾದ ಗಿರಾಕಿಯೊಬ್ಬರು ಸಂಜೆ ಕೂತು, ಗಾರ್ಡ್‌ನನ್ನು ತೆಗೆಯಿರಿ, ಜಾಗ ಸರಿಮಾಡಿ ಎಂದು ಮಾಲೀಕರನ್ನು ಒಪ್ಪಿಸಿದರು. ಮಾಡಿದ್ದು ಇಷ್ಟು.

ಸಿಂಕಿನ ಕೆಳಗಿನ ಟೊಳ್ಳು ಜಾಗಕ್ಕೆ ಇಳಿಜಾರಾಗಿ ಸ್ಟೀಲ್ ಹಾಳೆ ಬಡಿಸಿದರು. ಈಗ ಅಲ್ಲಿ ಏನಿಟ್ಟರೂ ಜಾರಿ ಎದುರಿಗೇ ಬೀಳುತ್ತದೆ. ಮುಚ್ಚಳದ ಕಸದ ಡ್ರಮ್ ತೆಗೆದು ಉಂಗುರಕ್ಕೆ ಪಾರದರ್ಶಕ ಚೀಲ ತೂಗುಹಾಕಿದರು. ಪ್ರತಿ ಟೇಬಲ್ಲಿನ ಅಂಚಿಗೆ ಎರಡೆರಡು ಕೊಕ್ಕೆ. ಚೀಲ ಕೊಕ್ಕೆಯಲ್ಲಿದ್ದರೆ ಅದರ ಯಜಮಾನ ಪಕ್ಕದಲ್ಲೇ ಇರುತ್ತಾನೆ, ನೆಲದ ಮೇಲೆ ಕಂಡ ಚೀಲ ತಾನಾಗಿ ಕಣ್ಣಿಗೆ ಕುಕ್ಕುತ್ತದೆ. ಎಲ್ಲ ಸೇರಿ ಖರ್ಚು ಗಾರ್ಡ್‌ನ ಒಂದು ತಿಂಗಳ ಸಂಬಳಕ್ಕಿಂತ ಕಡಿಮೆ. ಗಂಟೆಗೊಮ್ಮೆ ಟೇಬಲ್ ಒರೆಸುವವರೇ ಸಿಂಕು, ಮೆಟ್ಟಿಲು, ಕುಂಡಗಳ ಸುತ್ತ ಕಣ್ಣಾಡಿಸುವುದು. ಅವರು ಹೇಗೂ ಅಲ್ಲೇ ಓಡಾಡುತ್ತಾರೆ, ಯಾವುದು ಮಾಮೂಲಿ ಎಂದು ಗಾರ್ಡ್‌ಗಿಂತ ಚೆನ್ನಾಗಿ ಬಲ್ಲರು.

ಚೀಲ ಕಂಡರೆ ಮುಟ್ಟದೆ ಮೂರು ಪ್ರಶ್ನೆ: ಬೇಕೆಂದೇ ಮರೆಯಾಗಿ ಇಟ್ಟಂತಿದೆಯೇ? ತಂತಿ, ಟೇಪು, ವಾಸನೆ, ಸದ್ದು ಮುಂತಾದ್ದು ಕಾಣುತ್ತದೆಯೇ? ಈ ಜಾಗದಲ್ಲಿ ಸಾಮಾನ್ಯವಾಗಿ ಇರುವ ವಸ್ತುವೇ? ಮೂರಕ್ಕೂ ಉತ್ತರ ನೆಮ್ಮದಿಯದ್ದಾದರೆ ಜೋರಾಗಿ ಎರಡು ಸಲ "ಇದು ಯಾರದ್ದು?" ಎಂದು ಕೂಗಿ ವಿಚಾರಿಸುವುದು. ಒಂದಕ್ಕಾದರೂ ಅನುಮಾನ ಬಂದರೆ ಎತ್ತುವುದು, ನೀರು ಸುರಿಯುವುದು, ಬಟ್ಟೆ ಮುಚ್ಚುವುದು ಯಾವುದೂ ಕೂಡದು. ಅಡುಗೆಮನೆಯವರು ಗ್ಯಾಸ್ ಬ್ಯಾಂಕಿನ ಮುಖ್ಯ ವಾಲ್ವ್ ಮುಚ್ಚಬೇಕು. 19 ಕೆಜಿಯ ಆರು ಸಿಲಿಂಡರ್ ಸಾಲಿಗೆ ಜೋಡಿಸಿದ ಕಡೆ ಇದೇ ಮೊದಲ ಕೆಲಸ. ಜನರನ್ನು ಚೀಲದ ಕಡೆಯಿಂದಲ್ಲ, ಇನ್ನೊಂದು ಬಾಗಿಲಿಂದ ಕಳಿಸಬೇಕು. ದೂರ ಬಂದು 112ಕ್ಕೆ ಕರೆ. ಕೈಚೀಲದ ಗಾತ್ರಕ್ಕೆ ಕನಿಷ್ಠ 100 ಮೀಟರ್ ದೂರ, ಗಾಜಿನ ಗೋಡೆಯ ಕೆಳಗೆ ನಿಲ್ಲಬಾರದು. ಇಂಥ ಹೊತ್ತಲ್ಲಿ ಹಾರುವ ಗಾಜಿನ ಚೂರೇ ಎಷ್ಟೋ ಜನರನ್ನು ಸೀಳುವುದು. ಸೇರುವ ಜಾಗವಾಗಿ ತಿರುವಿನಾಚೆಯ ಖಾಲಿ ಸೈಟನ್ನು ಗೊತ್ತುಮಾಡಿದರು.

ಗಿರಾಕಿಗಳಿಗೆ ಏನು ಹೇಳುವುದು ಎಂಬುದರ ಮೇಲೆ ದೊಡ್ಡ ಚರ್ಚೆಯೇ ನಡೆಯಿತು. "ಗ್ಯಾಸ್ ಲೀಕ್ ಆಗಿದೆ" ಅನ್ನೋಣ ಎಂದು ಮೊದಲು ಅಂದುಕೊಂಡರು. ಅಣಕು ಅಭ್ಯಾಸದಲ್ಲಿ ಹಾಗೆ ಕೂಗಿದಾಗ ಅಡುಗೆಯವರಿಬ್ಬರು ಲೀಕ್ ನೋಡಲು ಚೀಲದ ಪಕ್ಕದಿಂದಲೇ ಒಳಗೆ ಓಡಿದರು! ಆಮೇಲೆ ಉಳಿದದ್ದು ನಿಜವಾದ ಮಾತೇ: "ಯಾರದ್ದೋ ಚೀಲ ಸಿಕ್ಕಿದೆ, ಪೊಲೀಸರು ನೋಡಬೇಕು. ಈ ಕಡೆಯಿಂದ ನಿಧಾನಕ್ಕೆ ಬನ್ನಿ, ಬಿಲ್ ಆಮೇಲೆ ನೋಡೋಣ." ಕೊನೆಯ ಮೂರು ಪದ ಭಟ್ಟರ ಸಲಹೆ. ಜನ ಅರ್ಧ ದೋಸೆ ಬಿಟ್ಟು ಕದಲಲು ಹಿಂದೆಮುಂದೆ ನೋಡುವುದು ದುಡ್ಡು ಕೊಟ್ಟಿದ್ದೇವಲ್ಲ ಎಂದು, ಹೆದರಿಕೆಯಿಲ್ಲ ಎಂದಲ್ಲ.

ಎರಡನೆಯ ಚೀಲ ಮೇ ತಿಂಗಳಲ್ಲಿ ಬಂತು. ಕುಂಡದ ಹಿಂದೆ, ಜಿಪ್ಪಿನಿಂದ ತಂತಿ ಹೊರಗೆ. ಕೂಗಿದರೂ ಯಾರೂ ಬರಲಿಲ್ಲ. ವಾಲ್ವ್ ಮುಚ್ಚಿ, ಜನರನ್ನು ಕಳಿಸಿ, 112ಕ್ಕೆ ಕರೆ ಮಾಡಲು ಹಿಡಿದದ್ದು ನಾಲ್ಕು ನಿಮಿಷ. ಶ್ವಾನದಳ ಬಂತು. ಚೀಲದಲ್ಲಿದ್ದದ್ದು ಚಾರ್ಜರ್, ಅಂಕಪಟ್ಟಿ, ಇಸ್ತ್ರಿ ಮಾಡಿದ ಶರ್ಟು. ಇಂಟರ್‌ವ್ಯೂಗೆ ಬಂದ ಹುಡುಗ ಜೆರಾಕ್ಸ್ ಅಂಗಡಿಯ ಸಾಲಿನಲ್ಲಿ ನಿಂತಿದ್ದ. ಆ ದಿನವೂ ಒಂದು ತಪ್ಪಾಯಿತು: ಹತ್ತಾರು ಜನ 20 ಮೀಟರಿನಲ್ಲೇ ನಿಂತು ವಿಡಿಯೊ ಮಾಡಿದರು. ಅವರನ್ನು ಸರಿಸುವ ಕೆಲಸವನ್ನು ಯಾರಿಗೂ ಹಂಚಿರಲಿಲ್ಲ.

ನಿದ್ದೆ ಬಾರದ ಹುಡುಗ

ಟಿವಿ ಆರಿಸಿದ್ದು ಮಾರ್ಚ್ 14ಕ್ಕೆ. ಹಣ ಖರ್ಚಾಗದ ಈ ಕ್ರಮದ ಪರಿಣಾಮ ಎರಡೇ ದಿನದಲ್ಲಿ ಅಡುಗೆಮನೆಯಲ್ಲಿ ಕಂಡಿತು. 19ರ ಹುಡುಗ ಅಷ್ಟರಲ್ಲಿ ಯಾರಲ್ಲೋ ನಿದ್ದೆಮಾತ್ರೆ ಕೇಳಿ ತಂದಿಟ್ಟುಕೊಂಡಿದ್ದ. ಅದನ್ನು ಬಿಡಿಸಲಾಯಿತು. ಆಘಾತದ ಮೊದಲ ತಿಂಗಳಲ್ಲಿ ಬೆಂಜೊಡಯಾಜೆಪೀನ್ ಗುಂಪಿನ ಮಾತ್ರೆ ಕೊಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಎಲ್ಲರನ್ನೂ ಸುತ್ತ ಕೂರಿಸಿ "ನಿನಗೆ ಏನನ್ನಿಸಿತು ಹೇಳು" ಎಂದು ಒಬ್ಬೊಬ್ಬರ ಬಾಯಿಬಿಡಿಸುವ ಪದ್ಧತಿಯೂ ಬೇಡ ಎಂದು ಆಪ್ತಸಮಾಲೋಚಕರು ತಡೆದರು. ಒಂದೇ ಬಾರಿ ಹಾಗೆ ಕೂರಿಸುವುದರಿಂದ ಮುಂದಿನ ಕಾಯಿಲೆ ತಪ್ಪುವುದಿಲ್ಲ, ಕೆಲವರಿಗೆ ಕೆಡುಕೂ ಆದೀತು. ಅವನನ್ನು ಸಿಂಕಿನ ಕೆಲಸದಿಂದ ಪೂರ್ತಿ ಬಿಡಿಸದೆ, ಇನ್ನೊಬ್ಬನ ಜೊತೆ ಮಾಡಿ ಮೊದಲು ಹತ್ತು ನಿಮಿಷ, ಆಮೇಲೆ ಅರ್ಧ ಗಂಟೆ ಕಳಿಸಿದರು. ಪೂರ್ತಿ ಬಿಡಿಸಿದ್ದರೆ ಆ ಜಾಗ ಅವನ ಮನಸ್ಸಿನಲ್ಲಿ ಇನ್ನಷ್ಟು ದೊಡ್ಡದಾಗುತ್ತಿತ್ತು. ಬೆಚ್ಚಿಬೀಳುವುದು, ಕೆಟ್ಟ ಕನಸು ಮೊದಲ ವಾರಗಳಲ್ಲಿ ಸಹಜ. ತಿಂಗಳು ದಾಟಿಯೂ ಕೆಲಸ, ಊಟ, ನಿದ್ದೆ ಕೆಟ್ಟಿದ್ದರೆ ತಜ್ಞರ ಬಳಿ ಹೋಗಲೇಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ, ನಿಮ್ಹಾನ್ಸ್ ನಗರದಲ್ಲೇ ಇದೆ. ಇವನಿಗೆ ಅಲ್ಲಿವರೆಗೆ ಹೋಗಬೇಕಾಗಲಿಲ್ಲ. ಬಹುಪಾಲು ಜನರ ಕಥೆ ಹೀಗೇ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಮ್ಯಾನ್‌ಹಟನ್‌ನಲ್ಲಿ ಒಂದೆರಡು ತಿಂಗಳಿಗೆ ಶೇ 7.5ರಷ್ಟಿದ್ದ ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ) ಆರು ತಿಂಗಳಿಗೆ ಶೇ 0.6ಕ್ಕೆ ಇಳಿದಿತ್ತು.

ಲೆಕ್ಕ

ಟೋಕನ್ ಸಂಖ್ಯೆ ಯುಗಾದಿಯ ಹೊತ್ತಿಗೆ 780, ಜೂನ್ ಕೊನೆಗೆ 860. ತಪಾಸಣೆಯ ಸಾಲು ಕೈಬಿಟ್ಟ ವಾರವೇ ಏರಿಕೆ ಶುರುವಾದದ್ದು ನಿಜ. ಆದರೆ ಸ್ಫೋಟವಾದ ಕೆಫೆಯೇ ಮಾರ್ಚ್ 9ಕ್ಕೆ ಮತ್ತೆ ತೆರೆದು ಜನ ಅಲ್ಲಿಗೆ ಹೋದದ್ದೂ ಕಾರಣವಾಗಿರಬೇಕು. ಇದರಲ್ಲಿ ಯಾವುದಕ್ಕೆ ಎಷ್ಟು ಪಾಲು ಎಂದು ಒಂದು ಹೋಟೆಲಿನ ಲೆಕ್ಕದಿಂದ ಹೇಳಲಾಗದು. ಡಿಸ್ಕನ್ನು 6 ಟಿಬಿಗೆ ಏರಿಸಿ, ಬ್ಯಾಟರಿ ಹಾಕಿಸಿ, ಡಿವಿಆರ್ ಇಂಟರ್ನೆಟ್ಟಿನಿಂದ ತಾನೇ ಸಮಯ ಸರಿಮಾಡಿಕೊಳ್ಳುವಂತೆ ಮಾಡಿದರು. ತಿಂಗಳ ಮೊದಲ ದಿನ 30 ದಿನ ಹಿಂದಿನ ಒಂದು ನಿಮಿಷದ ದೃಶ್ಯ ತೆಗೆದು ನೋಡುವುದು ಈಗ ಬಿಲ್ ಹುಡುಗನ ಕೆಲಸ.

ವಿಮೆಯ ವಿಷಯದಲ್ಲಿ ತಡವಾಗಿ ಕಣ್ಣು ತೆರೆಯಿತು. ಮಾಲೀಕರ ಬೆಂಕಿ ವಿಮೆಯಲ್ಲಿ ಭಯೋತ್ಪಾದನೆಯ ಹಾನಿ ಸೇರಿರಲಿಲ್ಲ. 2001ರ ನಂತರ ಜಗತ್ತಿನ ಮರುವಿಮೆದಾರರು (ವಿಮಾ ಕಂಪನಿಗಳಿಗೇ ವಿಮೆ ಕೊಡುವವರು) ಈ ಅಪಾಯದಿಂದ ಕೈತೆಗೆದಾಗ ಭಾರತದ ಕಂಪನಿಗಳು 2002ರಲ್ಲಿ ಒಂದು ಸಾಮಾನ್ಯ ನಿಧಿ ಕಟ್ಟಿಕೊಂಡವು, ಸರ್ಕಾರಿ ಮರುವಿಮಾ ಕಂಪನಿ ಜಿಐಸಿ ಅದನ್ನು ನಡೆಸುತ್ತದೆ. ಹೆಚ್ಚುವರಿ ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳಬೇಕು. ಸೇರಿಸಿಕೊಂಡಿದ್ದರೂ ಮಾರ್ಚ್ ತಿಂಗಳ ನಷ್ಟಕ್ಕೆ ಕಾಸು ಬರುತ್ತಿರಲಿಲ್ಲ. ಸ್ವಂತ ಕಟ್ಟಡಕ್ಕೆ ಹಾನಿಯಾಗದೆ ಬರೀ ಗಿರಾಕಿ ಕಡಿಮೆಯಾದರೆ ವ್ಯಾಪಾರ ನಷ್ಟದ ವಿಮೆ ಸಾಮಾನ್ಯವಾಗಿ ಲಾಗುವಾಗುವುದಿಲ್ಲ.

ಇತರ ಹೋಟೆಲ್‌ಗಳಿಗೆ ಈ ಪ್ರಕರಣದಿಂದ ತೆಗೆದುಕೊಳ್ಳಬಹುದಾದ್ದು ಇಲ್ಲಿದೆ. ಮೊದಲ ಕೆಲವು ವಾರಗಳ ತೀರ್ಮಾನಗಳಲ್ಲಿ ವಸ್ತುಗಳ ಮೇಲೆ ಮಾಡಿದವು, ಅಂದರೆ ಸಿಂಕು, ಕಸದ ಡ್ರಮ್, ಗಡಿಯಾರ, ವಾಲ್ವ್, ಅಗ್ಗವಾಗಿದ್ದವು, ತಪ್ಪಾದರೆ ಮರುದಿನ ತಿದ್ದಲೂ ಬಂತು. ಮನುಷ್ಯನ ಮೇಲೆ ಮಾಡಿದ ಒಂದು ತೀರ್ಮಾನವನ್ನು ತಿದ್ದಲು ಆಗಲೇ ಇಲ್ಲ, ಭದ್ರತೆಯೂ ಅದರಿಂದ ಎಳ್ಳಷ್ಟು ಹೆಚ್ಚಲಿಲ್ಲ. ದಾಖಲೆ ಬೇಕೆಂದರೆ 14 ಜನರದ್ದೂ ಒಂದೇ ದಿನ, ಭಟ್ಟರಿಂದ ಶುರುಮಾಡಿ ತೆಗೆದುಕೊಳ್ಳಬೇಕು, ಅದೂ ಏನೂ ನಡೆಯದ ಕಾಲದಲ್ಲಿ. ಆಗ ಅದು ಕಾಗದದ ಕೆಲಸ, ಸ್ಫೋಟದ ಮಾರನೆಯ ದಿನ ಕೇಳಿದರೆ ಅದೇ ಕಾಗದ ಆರೋಪಪಟ್ಟಿಯಂತೆ ಕಾಣುತ್ತದೆ. ಕೆಲಸದವರಿಗೆ ಹೊರಗಿನಿಂದ ಅಪಾಯವಿದೆ ಅನ್ನಿಸಿದರೆ ಕೇಳಬೇಕಾದವರು ಅವರೇ: ಇರುತ್ತೀಯಾ, ಹೋಗುತ್ತೀಯಾ, ಒಳಗಿನ ಕೆಲಸಕ್ಕೆ ಬರುತ್ತೀಯಾ? ಈ ಹೋಟೆಲಿನಲ್ಲಿ ಆ ಪ್ರಶ್ನೆ ಅಸ್ಸಾಮಿನ ಹುಡುಗರಿಗೆ ಸಿಕ್ಕಿತು, ಬೀದರಿನವನಿಗೆ ಸಿಗಲಿಲ್ಲ.

ಬಿಟ್ಟುಹೋದ ವಸ್ತುಗಳಿಗೆಂದು ಮಾರ್ಚ್‌ನಲ್ಲಿ ಶುರುಮಾಡಿದ ರಿಜಿಸ್ಟರಿನಲ್ಲಿ ಆಗಸ್ಟ್ ಕೊನೆಯವರೆಗೆ 41 ನಮೂದುಗಳಿವೆ: 17 ಕೊಡೆ, 9 ಊಟದ ಡಬ್ಬಿ, 6 ಹೆಲ್ಮೆಟ್, 4 ಚೀಲ, ಉಳಿದದ್ದು ಚಿಲ್ಲರೆ. ಟೀ ಕೌಂಟರಿಗೆ ಅಷ್ಟರಲ್ಲಿ ಮೂವರು ಬಂದು ಹೋಗಿದ್ದರು. ಕೆಲಸದವರ ದಾಖಲೆಗಳ ಹೊಸ ಫೈಲಿನಲ್ಲಿ ಮೊದಲ ಹಾಳೆ ಬೀದರಿನ ಹುಡುಗ ಶಿವರಾತ್ರಿಯ ದಿನ ಫೋನಿನಿಂದ ಕಳಿಸಿದ ಆಧಾರ್ ಪ್ರತಿಯದ್ದು. ಅದನ್ನು ಯಾರೂ ತೆಗೆದಿಲ್ಲ.